ಎಡಸುತ್ತು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಒಂದು ಮಧ್ಯಾಹ್ನ ನನ್ನ ಗಂಡ ಊಟದ ಬಟ್ಟಲಿನ ಮುಂದೆ ಕೂತು, "ಮೀನ್ ಇಲ್ಯಾ ಇವತ್ತ್?" ಎಂದು ಕೇಳಿದರು. ಹುರಿದ ಬಂಗಡೆ ಬಟ್ಟಲಿನಲ್ಲೇ ಇತ್ತು. ನಾನೇ ಬಡಿಸಿದ್ದು, ಅನ್ನದ ಎಡಬದಿಗೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮೀನು ಸಣ್ಣದಾಯಿತು, ಖಾರ ಕಡಿಮೆಯಾಯಿತು ಎಂದು ನನ್ನನ್ನು ಕೆಣಕುವುದು ಮದುವೆಯಾದಾಗಿನಿಂದ ಅವರ ಅಭ್ಯಾಸ. ಆದರೆ ಮುಖದಲ್ಲಿ ನಗೆಯಿರಲಿಲ್ಲ. ಅವರು ನಿಜವಾಗಿಯೂ ಮೀನು ಹುಡುಕುತ್ತಿದ್ದರು, ಬಟ್ಟಲಿನ ಬಲಬದಿಯಲ್ಲಿ ಮಾತ್ರ. ಯಾರೋ ನಡುವೆ ಗೆರೆ ಎಳೆದುಕೊಟ್ಟ ಹಾಗೆ ಬಲಗಡೆಯ ಅರ್ಧ ಅನ್ನ ಉಂಡು ಮುಗಿಸಿದ್ದರು. ಎಡಗಡೆಯ ಅರ್ಧ ಬಡಿಸಿದ ಹಾಗೇ ಇತ್ತು.

ಪಕ್ಕದಲ್ಲಿ ಕೂತಿದ್ದ ಅತ್ತೆ, ಅಂದರೆ ಅವರ ತಾಯಿ, ಬಟ್ಟಲಿನ ಅಂಚು ಹಿಡಿದು ಅರ್ಧ ಸುತ್ತು ತಿರುಗಿಸಿದರು. ಎಡದಲ್ಲಿದ್ದ ಮೀನು ಬಲಕ್ಕೆ ಬಂತು.

"ಇದೆಲ್ಲಿತ್ತ್ ಇಷ್ಟ್ ಹೊತ್ತ್?" ಎಂದರು ನನ್ನವರು.

"ಈಗ ಹಾಕಿದ್ದ್ ಮಗಾ. ಉಣ್" ಎಂದರು ಅತ್ತೆ.

ಅವರು ಸಮಾಧಾನದಿಂದ ಉಂಡರು. ಅತ್ತೆಗೆ ಇದು ನನಗಿಂತ ಮೊದಲೇ ಗೊತ್ತಾಗಿದೆ, ಬಟ್ಟಲು ತಿರುಗಿಸುವುದು ಇವತ್ತಿನ ಕೆಲಸವಲ್ಲ ಎಂಬುದು ನನಗೆ ಆಗಲೇ ಹೊಳೆಯಿತು.

ನಾವು ಬಿಜೂರಿನವರು. ನನ್ನ ತವರು ಕೊಕ್ಕರ್ಣೆ. ನನ್ನವರು ಕುಂದಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ನಾನು ಯಡ್ತರೆ ಹತ್ತಿರದ ಹೈಸ್ಕೂಲಿನಲ್ಲಿ ಅದೇ ಗಣಿತವನ್ನು ಮಕ್ಕಳ ಮಟ್ಟದಲ್ಲಿ ಕಲಿಸುವವಳು. ಅವರಿಗೆ ಸ್ಟ್ರೋಕ್ ಆದದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬೆಳಿಗ್ಗೆ ಹಾಜರಿ ಹಾಕುತ್ತಿದ್ದಾಗ. ಸಹೋದ್ಯೋಗಿಗಳು ಕೂಡಲೇ ಆಸ್ಪತ್ರೆಗೆ ಸೇರಿಸಿದರು. ಮೊದಮೊದಲು ಎಡಗೈ ಎತ್ತಲು ಆಗುತ್ತಿರಲಿಲ್ಲ, ಎಡಗಾಲು ಎಳೆಯುತ್ತಿತ್ತು. ಕೆಲವೇ ವಾರಗಳಲ್ಲಿ ಎರಡೂ ಸುಮಾರಾಗಿ ಸರಿಹೋದವು. ನೋಡಲು ಬಂದವರೆಲ್ಲ "ದೇವರು ದೊಡ್ಡವನು, ಕೈಕಾಲು ಬಂತಲ್ಲ" ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಬಾರದೆ ಉಳಿದದ್ದು ಎಡ. ಎಡಗೈಯಲ್ಲ, ಎಡ ಎಂಬುದೇ. ಡಾಕ್ಟರು ಒಂದು ಕಾಗದದ ಮೇಲೆ ಅಡ್ಡಗೆರೆ ಎಳೆದು, ಇದರ ನಡುವೆ ಗುರುತು ಹಾಕಿ ಎಂದರೆ, ಎಷ್ಟೋ ವರ್ಷ ರೇಖಾಗಣಿತ ಕಲಿಸಿದ ಮನುಷ್ಯ ಗೆರೆಯ ಬಲತುದಿಯ ಹತ್ತಿರ ಗುರುತು ಹಾಕಿದರು. ಕಣ್ಣಿನಲ್ಲಿ ದೋಷವಿರಲಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಹೀಗಾಗುತ್ತದೆ, ಎಡಕ್ಕೆ ನೋಡಬೇಕು ಎಂಬ ಗಮನವೇ ಹೋಗುತ್ತದೆ, ಹೋಗಿದೆ ಎಂಬುದೂ ಅವರಿಗೆ ತಿಳಿಯುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ತರಗತಿಯಲ್ಲಿ ಎಡಗಡೆಯ ಬೆಂಚುಗಳಲ್ಲಿ ಕೂತ ಮಕ್ಕಳು ಅವರ ಪಾಲಿಗೆ ಇರುವುದಿಲ್ಲ. ನಮ್ಮ ಗದ್ದೆಯಾಚೆಗಿನ ಹೈವೇಯನ್ನು ಅವರು ಇನ್ನು ಒಬ್ಬರೇ ದಾಟುವ ಹಾಗಿಲ್ಲ. ಕಾಲೇಜಿನವರು ವರ್ಷ ಮುಗಿಯುವವರೆಗೆ ಕಾಯುತ್ತೇವೆ ಎಂದಿದ್ದರು. ಈಗಲೂ ಅವರ ಎಡ ಪೂರ್ತಿಯಾಗಿ ಮರಳಿಲ್ಲ. ಎಷ್ಟು ಮರಳಿತೋ ಅದು ಹೇಗೆ ಶುರುವಾಯಿತು ಎಂಬುದಷ್ಟನ್ನೇ ನಾನು ಬರೆಯುತ್ತಿರುವುದು.

ಬಂದವರಿಗೆ ಇದನ್ನು ವಿವರಿಸುವುದು ನನ್ನಿಂದಾಗುತ್ತಿರಲಿಲ್ಲ. ಹರಕೆ ಹೇಳಿಕೊಳ್ಳಿ ಎಂದವರಿಗೆ ಹೂಂ ಎಂದೆ. ಎಣ್ಣೆ ತಿಕ್ಕಿಸಿ ಎಂದವರಿಗೂ ಹೂಂ ಎಂದೆ. ಒಬ್ಬರು ಮಾತ್ರ, ಮೇಷ್ಟ್ರಿಗೆ ಮೊದಲಿನಿಂದಲೂ ಅರ್ಧ ಗಮನವೇ ಅಲ್ಲವಾ, ಹೆಂಡತಿ ಹೇಳಿದ್ದು ಯಾವತ್ತು ಕೇಳಿಸಿದೆ ಎಂದು ನಗಾಡಿದರು. ಬೇರೆ ದಿನವಾಗಿದ್ದರೆ ನಾನೂ ಸೇರಿ ನಗುತ್ತಿದ್ದೆ. ಅವತ್ತು ಅವರಿಗೆ ಚಹಾ ಕೊಡದೆ ಒಳಗೆ ಹೋದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಆ ತಿಂಗಳುಗಳಲ್ಲಿ ಅದು ಒಳಗೆ ಹೋದದ್ದೇ ಇಲ್ಲ.

ನನಗೆ ಗೊತ್ತಿರುವ ದಾರಿ ಗಣಿತದ್ದೊಂದೇ. ಹಾಗಾಗಿ ಗ್ರಾಫ್ ಹಾಳೆ ತೆಗೆದೆ. ಸಾಮಾನ್ಯ ಚೌಕಟ್ಟಿನ ಹಾಳೆಯಲ್ಲ, ನಡುವಿನ ಒಂದು ಬಿಂದುವಿನಿಂದ ಒಂದರ ಹೊರಗೊಂದು ವೃತ್ತಗಳು, ಆ ಬಿಂದುವಿನಿಂದಲೇ ಎಲ್ಲ ದಿಕ್ಕಿಗೂ ಹೊರಡುವ ಗೆರೆಗಳು ಇರುವ ಪೋಲಾರ್ ಹಾಳೆ. ಇದು ಅವರ ಮೆಚ್ಚಿನ ಪಾಠ. ಈಗ ಕಾಲೇಜುಗಳಲ್ಲಿ ಸಮೀಕರಣ ಟೈಪ್ ಮಾಡಿದರೆ ಕಂಪ್ಯೂಟರೇ ವಕ್ರರೇಖೆ ಬಿಡಿಸಿ ಕೊಡುತ್ತದೆ. ಅವರು ಮಾತ್ರ, ಕೈಯಲ್ಲಿ ಬಿಡಿಸದವನಿಗೆ ವಕ್ರದ ಗುಣ ತಿಳಿಯುವುದಿಲ್ಲ ಎಂದು ಹಟ ಹಿಡಿದು, ಪ್ರತಿ ವರ್ಷ ಮಕ್ಕಳಿಂದ ಪೆನ್ಸಿಲಿನಲ್ಲೇ ಮಾಡಿಸುತ್ತಿದ್ದರು. ಆ ಹಾಳೆಗಳ ಕಟ್ಟು ಮನೆಯ ಕಪಾಟಿನಲ್ಲೂ ಇತ್ತು.

ಗಣಿತ ಬಿಟ್ಟು ಬಹಳ ವರ್ಷವಾದವರಿಗಾಗಿ ಇಷ್ಟು ಹೇಳುತ್ತೇನೆ. ಒಂದು ಜಾಗವನ್ನು ಗುರುತಿಸಲು ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಎಂದು ಅಳೆಯುವುದು ಒಂದು ಕ್ರಮ. ಇನ್ನೊಂದು ಕ್ರಮದಲ್ಲಿ ನಾವು ನಡುವಿನ ಬಿಂದುವಿನಲ್ಲಿ, ಧ್ರುವ ಎನ್ನುವುದು ಅದಕ್ಕೇ, ನಿಂತುಕೊಂಡು ಎಷ್ಟು ತಿರುಗಬೇಕು, ತಿರುಗಿದ ಮೇಲೆ ಎಷ್ಟು ದೂರ ಹೋಗಬೇಕು ಎಂದು ಹೇಳುತ್ತೇವೆ. ತಿರುಗುವ ಕೋನ ಥೀಟಾ, ಹೋಗುವ ದೂರ ಆರ್. ಮೊದಲ ದಿಕ್ಕು ಬಲಗಡೆ, ಅಲ್ಲಿಂದ ಮೇಲಕ್ಕೆ, ಮೇಲಿನಿಂದ ಎಡಕ್ಕೆ, ಎಡದಿಂದ ಕೆಳಕ್ಕೆ ಹೀಗೆ ಗಡಿಯಾರದ ಮುಳ್ಳಿಗೆ ಉಲ್ಟಾ ಕೋನ ಬೆಳೆಯುತ್ತದೆ. ಕೋನ ಬೆಳೆದ ಹಾಗೆ ದೂರ ಹಿಗ್ಗಿ ಕುಗ್ಗುವುದರಿಂದ ಒಂದೊಂದು ಸಮೀಕರಣಕ್ಕೆ ಒಂದೊಂದು ವಕ್ರ ಹುಟ್ಟುತ್ತದೆ. ಹೃದಯದ ಆಕಾರದ್ದಕ್ಕೆ ಕಾರ್ಡಿಯಾಯ್ಡ್ ಎನ್ನುತ್ತಾರೆ.

ನಾನು ಅವರಿಗೆ ಮೊದಲು ಕೊಟ್ಟದ್ದು ಒಂದು ಪ್ಲಸ್ ಕಾಸ್ ಥೀಟಾ. ಈ ಕಾರ್ಡಿಯಾಯ್ಡಿನ ಹೊಟ್ಟೆ ಬಲಕ್ಕಿರುತ್ತದೆ. ಅವರು ಕನ್ನಡಕ ಹಾಕಿಕೊಂಡು, ಹಾಳೆಯ ಬಲ ಅಂಚಿನಲ್ಲಿ ಕೋನ, ದೂರಗಳ ಕೋಷ್ಟಕ ಬರೆದರು. ಒಂದು ಬೆಲೆಯೂ ತಪ್ಪಿರಲಿಲ್ಲ. ಬಿಂದುಗಳನ್ನು ಇಡುತ್ತಾ, ಬಲದಿಂದ ಹೊರಟು ಮೇಲಕ್ಕೆ ಬಂದರು. ಆಮೇಲೆ ಕೆಳಗಿನಿಂದ ಮತ್ತೆ ಬಲಕ್ಕೆ ಬಂದರು. ಗೆರೆ ಸೇರಿಸಿ ಪೆನ್ಸಿಲು ಕೆಳಗಿಟ್ಟರು. ಆ ವಕ್ರ ಎಡಕ್ಕೆ ಸ್ವಲ್ಪ ಬಾಗಿ, ಒಳಗೆ ಹೊರಳಿ, ಧ್ರುವವನ್ನು ಮುಟ್ಟಬೇಕಾದ ಭಾಗ ಇರಲೇ ಇಲ್ಲ. ಎರಡು ತುದಿಗಳು ಮೇಲೊಂದು ಕೆಳಗೊಂದು ಬಾಯಿಬಿಟ್ಟುಕೊಂಡು ನಿಂತಿದ್ದವು.

"ನೂರ ಎಂಬತ್ತ್ ಡಿಗ್ರಿದ್ ಬಿಂದು ಎಲ್ಲಿತ್ತ್?" ಎಂದು ಕೇಳಿದೆ.

"ಹಾಕಿದೆ ಅಲ್ದಾ" ಎಂದರು. ಕೋಷ್ಟಕದಲ್ಲಿ ಬೆರಳಿಟ್ಟು ತೋರಿಸಿದರು. "ಕಾಣ್, ಅಲ್ಲಿ ಆರ್ ಸೊನ್ನೆ."

ಮರುದಿನ ಒಂದು ಮೈನಸ್ ಕಾಸ್ ಥೀಟಾ ಕೊಟ್ಟೆ. ಅದೇ ಹೃದಯ, ಹೊಟ್ಟೆ ಎಡಕ್ಕೆ. ಕೊಡಬಾರದಿತ್ತೇನೋ, ಆದರೆ ತಿಳಿದುಕೊಳ್ಳದೆ ಇರಲು ನನ್ನಿಂದಾಗಲಿಲ್ಲ. ಕೋಷ್ಟಕ ಆಗಲೂ ಸರಿಯಾಗಿತ್ತು. ಹಾಳೆಯ ಮೇಲೆ ಮಾತ್ರ ಧ್ರುವದ ಬಲಕ್ಕೆ ಮೀನಿನ ಗಾಳದಷ್ಟು ಎರಡು ಸಣ್ಣ ಕೊಕ್ಕೆಗಳು. ಹೃದಯದ ಅಷ್ಟೂ ದೊಡ್ಡ ಭಾಗ ಇರಬೇಕಾಗಿದ್ದಲ್ಲಿ ಬಿಳಿ ಹಾಳೆ. ಅವರು ಅದನ್ನು ನನ್ನ ಕಡೆ ತಳ್ಳಿ "ಆಯ್ತ್" ಎಂದರು, ಸರಿ ಉತ್ತರ ಬರೆದ ವಿದ್ಯಾರ್ಥಿಯ ಧ್ವನಿಯಲ್ಲಿ. ನಾನು ಅಡಿಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ನನ್ನವರಿಗೆ ಎಲ್ಲ ಗೊತ್ತಿತ್ತು. ಆ ಬಿಂದು ಎಷ್ಟು ದೂರದಲ್ಲಿದೆ ಎಂದು ಗೊತ್ತಿತ್ತು. ಅಲ್ಲಿಗೆ ಹೋಗಲು ಮಾತ್ರ ಅವರಿಗೆ ದಾರಿ ಇರಲಿಲ್ಲ.

ವಾರಕ್ಕೊಮ್ಮೆ ಅವರನ್ನು ಬ್ರಹ್ಮಾವರದ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಾರು ಓಡಿಸುವವಳು ನಾನೇ. ಹೋಗುವಾಗ ಮರವಂತೆಯಲ್ಲಿ ಸಮುದ್ರ ಬಲಕ್ಕೆ ಸಿಗುತ್ತದೆ, ನದಿ ಎಡಕ್ಕೆ. ಅಲೆ ಜೋರಾಗಿದೆ, ದೋಣಿ ಹೊರಟಿಲ್ಲ ಎಂದು ನನ್ನವರು ಆಡುತ್ತಾ ಬರುವರು. ಬರುವಾಗ ಸಮುದ್ರ ಎಡಕ್ಕಾಗುತ್ತದೆ. ಒಂದು ಸಂಜೆ ಅವರು ಬಲಗಡೆಯ ನದಿಯನ್ನೇ ನೋಡುತ್ತಾ ಕೂತು, "ಬೇರೆ ದಾರಿಯಂಗೆ ಬಂದ್ಯಾ?" ಎಂದು ಕೇಳಿದರು. ಅವರ ಎಡಗಿವಿಯ ಹತ್ತಿರವೇ, ತೆರೆದ ಕಿಟಕಿಯಾಚೆ, ಅಷ್ಟು ದೊಡ್ಡ ಸಮುದ್ರ ಸದ್ದು ಮಾಡುತ್ತಿತ್ತು. ನಾನು ಇಲ್ಲ ಎಂದಷ್ಟೇ ಹೇಳಿ ಗಾಡಿ ಓಡಿಸಿದೆ. ಹುಟ್ಟಿದಾಗಿನಿಂದ ನೋಡಿದ ಸಮುದ್ರವನ್ನು ಅಲ್ಲಿದೆ ನೋಡಿ ಎಂದು ಗಂಡನಿಗೆ ತೋರಿಸುವುದು ನನಗೆ ಅವಮಾನದ ಹಾಗೆ ಕಂಡಿತು. ಯಾರ ಅವಮಾನ ಎಂದು ಕೇಳಿದರೆ ಹೇಳಲಾರೆ.

ಬಟ್ಟಲು ತಿರುಗಿಸುವ ವಿಷಯ ಹೇಳಿದ್ದಕ್ಕೆ ಫಿಸಿಯೋಥೆರಪಿಯ ಹುಡುಗಿ ಬೇಡವೆಂದು ತಲೆಯಾಡಿಸಿದಳು.

"ಬಟ್ಲ್ ತಿರ್ಗ್ಸುಕಾಗ ಟೀಚರ್. ಅವ್ರೇ ತಿರ್ಗಿ ಕಾಣ್ಕ್" ಎಂದಳು.

ಅವಳು ಹೇಳಿದ್ದು ಸ್ಪಷ್ಟವಾಗಿತ್ತು. ಎಡದಲ್ಲಿರುವುದನ್ನು ನಾವು ಬಲಕ್ಕೆ ತಂದುಕೊಟ್ಟಷ್ಟೂ ಎಡ ಮರೆತುಹೋಗುತ್ತದೆ. ಮಾತಾಡಿಸುವಾಗ ಎಡಕ್ಕೆ ನಿಲ್ಲಬೇಕು, ನೀರಿನ ಲೋಟ ಎಡಕ್ಕಿಡಬೇಕು. ಮುಖ್ಯವಾಗಿ, ದಿನಾ ಅಂಗಳದಲ್ಲಿ ಯಾವುದಾದರೊಂದು ವಸ್ತುವನ್ನು ಎಡಗಡೆಗೆ ಇಟ್ಟುಕೊಂಡು, ಅದನ್ನು ನೋಡುತ್ತಲೇ ಸುತ್ತು ಹಾಕಿಸಬೇಕು. ಮೈ ನಡೆಯುತ್ತಿರುವಾಗ ಗಮನವೂ ಆ ಕಡೆ ಹೋಗಲು ಕಲಿಯುತ್ತದೆ.

ಮನೆಗೆ ಬಂದು ಊಟದ ಹೊತ್ತಿಗೆ ಅತ್ತೆ ಮತ್ತೆ ಬಟ್ಟಲಿಗೆ ಕೈ ಹಾಕಿದಾಗ ನಾನು ಕೈ ಹಿಡಿದೆ. "ಅತ್ತೆ, ನೀವ್ ತಿರ್ಗ್ಸಿರೆ ಅವ್ರ್ ಯಾವತ್ತೂ ತಿರ್ಗುದಿಲ್ಲೆ" ಎಂದೆ.

"ಹಸ್ದವನಿಗೆ ಅನ್ನ ಅಡ್ಗ್ಸಿ ಕಾಂಬುದಾ ಹೆಣೆ?" ಎಂದರು ಅವರು. ಧ್ವನಿ ಏರಿಸಲಿಲ್ಲ. ಹೆಣೆ ಎಂದರೆ ಇಲ್ಲಿ ಮನೆಯ ಹೆಣ್ಣುಮಗಳನ್ನು ಕರೆಯುವ ಮಾತು, ಅದರಲ್ಲಿ ಅಕ್ಕರೆಯೂ ಇರುತ್ತದೆ, ಗದರಿಕೆಯೂ ಇರುತ್ತದೆ. ಅವತ್ತು ಎರಡೂ ಇತ್ತು. ನಾನು ಬಿಡಲಿಲ್ಲ. ನನ್ನವರು ಅರ್ಧ ಉಂಡು ಇನ್ನು ಅನ್ನವಿಲ್ಲವೇ ಎಂದು ಕೇಳಿ, ಯಾರೂ ಬಡಿಸದಿದ್ದಾಗ ಕೈತೊಳೆಯಲು ಎದ್ದರು. ಅತ್ತೆ ಆ ಬಟ್ಟಲನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಕೆಟ್ಟವಳಾದೆ ಎಂದು ನನಗೇ ಅನ್ನಿಸಿತು, ಆದರೂ ಮರುದಿನ ಅದನ್ನೇ ಮಾಡಿದೆ.

ಸುತ್ತು ಹಾಕಿಸುವುದಕ್ಕೆ ನಮ್ಮ ಮನೆಯಲ್ಲಿ ಜಾಗ ಹುಡುಕಬೇಕಾಗಿರಲಿಲ್ಲ. ಅಂಗಳದ ನಟ್ಟನಡುವೆ ತುಳಸಿಕಟ್ಟೆ ಇದೆ, ಸುತ್ತಲೂ ಇಂಟರ್‌ಲಾಕ್ ಹಾಕಿಸಿದ ಸಮತಟ್ಟು ನೆಲ. ದಿನಾ ಬೆಳಿಗ್ಗೆ ಮಿಂದು ಬಂದು ನನ್ನವರು ತುಳಸಿಗೆ ಪ್ರದಕ್ಷಿಣೆ ಬರುವುದನ್ನು ಸ್ಟ್ರೋಕ್ ಆದ ಮೇಲೂ ಬಿಟ್ಟಿರಲಿಲ್ಲ. ಅದರಲ್ಲಿ ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ, ಕೈವಾರದಲ್ಲಿ ಎಳೆದಂಥ ವೃತ್ತ. ನೋಡಿದವರು ಯಾರೂ ಕಾಯಿಲೆಯ ಮನುಷ್ಯ ಎನ್ನುತ್ತಿರಲಿಲ್ಲ. ಕಾರಣ ಆಗ ಹೊಳೆಯಿತು. ಪ್ರದಕ್ಷಿಣೆಯಲ್ಲಿ ದೇವರು ಯಾವಾಗಲೂ ನಮ್ಮ ಬಲಕ್ಕಿರುತ್ತಾನೆ. ಅವರಿಗೆ ಉಳಿದಿದ್ದದ್ದು ಬಲ, ತುಳಸಿ ಇದ್ದದ್ದೂ ಬಲಕ್ಕೆ. ನನಗೆ ಬೇಕಾಗಿದ್ದದ್ದು ಅದೇ ಸುತ್ತು, ಉಲ್ಟಾ.

ಈ ಉಲ್ಟಾ ಸುತ್ತಿನ ಬಗ್ಗೆ ಅವರದೇ ಒಂದು ಮಾತಿತ್ತು. ನಮ್ಮ ಕಡೆಯ ಮಕ್ಕಳಿಗೆ ಹೊಸದಾಗಿ ಪೋಲಾರ್ ಹಾಳೆ ಕೊಟ್ಟರೆ ಸುಮಾರು ಜನ ಕೋನವನ್ನು ಗಡಿಯಾರದ ದಿಕ್ಕಿಗೇ ಅಳೆಯುತ್ತಾರಂತೆ. ಸುತ್ತು ಎಂದರೆ ಅವರ ಕೈಗೆ, ಕಾಲಿಗೆ ಪ್ರದಕ್ಷಿಣೆಯೇ. ಕಾಸ್ ಇರುವ ವಕ್ರಗಳಲ್ಲಿ ಈ ತಪ್ಪು ಸಿಕ್ಕಿಬೀಳುವುದಿಲ್ಲ, ಮೇಲೆ ಕೆಳಗೆ ಎರಡೂ ಒಂದೇ ಥರ ಇರುವುದರಿಂದ ಚಿತ್ರ ಸರಿಯೇ ಬರುತ್ತದೆ. ಸೈನ್ ಕೊಟ್ಟ ಕೂಡಲೇ ಹೃದಯ ತಲೆಕೆಳಗಾಗಿ ನೇತಾಡುತ್ತದೆ. "ಇದ್ ದೇವಸ್ಥಾನ ಅಲ್ಲ, ಗಣಿತದಲ್ಲಿ ಎಲ್ಲ ಎಡಸುತ್ತೇ" ಎಂದು ಅವರು ತರಗತಿಯಲ್ಲಿ ಹೇಳಿದರೆ ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರಂತೆ. ಎಡಸುತ್ತು ಎಲ್ಲಿ ಹಾಕುತ್ತಾರೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಅತ್ತೆಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಾವ ತೀರಿಕೊಂಡಾಗ ನಮ್ಮದೇ ಗದ್ದೆಯ ತೆಂಕು ಅಂಚಿನಲ್ಲಿ ಚಿತೆ ಒಟ್ಟಿದ್ದರು. ನನ್ನವರು ಹೆಗಲ ಮೇಲೆ ನೀರಿನ ಕೊಡ ಹೊತ್ತು, ಕೊಡದ ತೂತಿನಿಂದ ನೀರು ಸುರಿಯುತ್ತಿದ್ದ ಹಾಗೆ, ಚಿತೆಗೆ ಎಡಸುತ್ತು ಬಂದಿದ್ದರು. ಅತ್ತೆ ಜಗಲಿಯ ಕಂಬ ಹಿಡಿದು ನಿಂತು ದೂರದಿಂದ ಅದನ್ನು ನೋಡಿದ್ದರು.

ತುಳಸಿಕಟ್ಟೆಯ ವಿಷಯ ಎತ್ತಿದ ಕೂಡಲೇ ಅವರ ಮುಖ ಬಿಗಿಯಿತು.

"ತುಳ್ಸಿಗೆ ಎಡಸುತ್ತ್ ಬಪ್ಪುದಾ? ನಾ ಇಪ್ಪಲ್ಲಿವರೆಗೆ ಅದ್ ಆಗ" ಎಂದರು.

"ಔಷಧ ಅಂದೇಳಿ ತಿಳ್ಕಣಿ ಅತ್ತೆ."

"ಔಷಧ ಕೊಡು, ಎಂತ ಬೇಕಾರೂ ಕೊಡು. ಬದ್ಕಿ ಬಂದ ಮಗನ ಹತ್ರ ಸುಡ್ಗಾಡಿನ ಸುತ್ತ್ ಹಾಕ್ಸ್ಬೇಡ."

ನಾನು ಶಕುನ ಅಪಶಕುನಗಳನ್ನು ನಂಬುವವಳಲ್ಲ, ಆದರೆ ನಿಜ ಹೇಳಬೇಕೆಂದರೆ ತುಳಸಿಗೆ ನನ್ನವರು ಎಡಸುತ್ತು ಬರುವುದನ್ನು ಕಲ್ಪಿಸಿಕೊಂಡಾಗ ನನಗೂ ಬೇಡ ಅನ್ನಿಸಿತು. ಹಟ ಬಿಟ್ಟೆ.

ಬೇರೆ ನಡುಬಿಂದು ಹುಡುಕತೊಡಗಿದೆ. ತೆಂಗಿನಮರದ ಸುತ್ತ ನೀರು ನಿಲ್ಲಿಸಲು ಕಟ್ಟೆ ಕಟ್ಟಿದ್ದರಿಂದ ಅಲ್ಲಿ ಕಾಲು ಎಡವುತ್ತಿತ್ತು. ಬಾವಿಯ ಹತ್ತಿರ ಬಿಡಲು ನನಗೇ ಧೈರ್ಯವಿರಲಿಲ್ಲ. ಕೊನೆಗೆ ಅಂಗಳದ ಮೂಡುಬದಿಯಲ್ಲಿ, ತುಳಸಿಕಟ್ಟೆಯಿಂದ ದೂರಕ್ಕೆ, ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಇಟ್ಟೆ. ಅವರನ್ನು ಅದರ ಪಕ್ಕ ನಿಲ್ಲಿಸಿ, ಕುರ್ಚಿ ಎಡಕ್ಕೆ ಬರುವ ಹಾಗೆ ತಿರುಗಿಸಿ, "ಕುರ್ಚಿ ಕಾಂತಾ ಒಂದ್ ಸುತ್ತ್ ಬನ್ನಿ" ಎಂದೆ.

ಅವರು ಹೊರಟರು. ಮೊದಲ ಕೆಲವು ಹೆಜ್ಜೆ ಸರಿಯಾಗಿತ್ತು. ಆಮೇಲೆ ಕುರ್ಚಿ ಅವರ ಗಮನದಿಂದ ಜಾರಿತು. ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪ ಹೊರಗೆ ಸರಿಯುತ್ತಾ, ಸುತ್ತು ದೊಡ್ಡದಾಗುತ್ತಾ, ತೆಂಗಿನ ಸಿಪ್ಪೆಯ ರಾಶಿಯ ಹತ್ತಿರ ಹೋಗಿ ನಿಂತರು. ನನ್ನೊಳಗಿನ ಹಾಳು ಟೀಚರು ಆಗಲೂ ಸುಮ್ಮನಿರಲಿಲ್ಲ. ಇದು ವೃತ್ತವಲ್ಲ, ಸುರುಳಿ, ಕೋನ ಬೆಳೆದ ಹಾಗೆ ದೂರವೂ ಬೆಳೆಯುತ್ತಿದೆ ಎಂದು ಲೆಕ್ಕ ಹಾಕುತ್ತಿತ್ತು. ಈ ವಕ್ರವನ್ನು ಅವರೇ ನನಗೆ ಮದುವೆಯ ಹೊಸದರಲ್ಲಿ, ನಾನು ಪರೀಕ್ಷೆಗೆ ಓದುತ್ತಿದ್ದಾಗ, ಬಿಡಿಸಿ ತೋರಿಸಿದ್ದರು. ಈಗ ಅದನ್ನೇ ನಡೆಯುತ್ತಿದ್ದಾರೆ, ಗೊತ್ತಿಲ್ಲದೆ.

ದಿನಾ ಅದೇ ಆಯಿತು. ಕುರ್ಚಿಗೆ ಬಣ್ಣದ ಬಟ್ಟೆ ಕಟ್ಟಿದೆ, ಮೇಲೆ ರೇಡಿಯೋ ಇಟ್ಟು ಹಾಡು ಹಾಕಿದೆ. ಅವರು ಹಾಡು ಕೇಳುತ್ತಾ ಸಿಪ್ಪೆರಾಶಿಗೆ ಹೋಗುತ್ತಿದ್ದರು. ಒಮ್ಮೆ ನಾನು ಸಹನೆ ಕಳೆದುಕೊಂಡು, "ಎಡಕ್ಕೆ ಕಾಣಿ ಅಂದೇಳಿ ಎಷ್ಟ್ ಸಲ ಹೇಳೂದ್?" ಎಂದು ಕಿರುಚಿದೆ.

"ನಾ ಸುತ್ತೇ ಬತ್ತಾ ಇದ್ದೆ ಅಲ್ದಾ" ಎಂದರು. ಸಿಟ್ಟಿನಿಂದಲ್ಲ, ನನಗೇನೋ ಆಗಿದೆ ಎಂಬ ಕನಿಕರದಿಂದ. ನಾನು ಇಂಟರ್‌ಲಾಕ್ ಮೇಲೆ ಕುಕ್ಕರುಬಡಿದೆ. ಆ ವಾರ ಕಾಲೇಜಿನಿಂದ ಫೋನ್ ಬಂದಿತ್ತು. ಒತ್ತಾಯವೇನೂ ಇಲ್ಲ, ಮುಂದಿನ ವರ್ಷದ ಟೈಮ್‌ಟೇಬಲ್ ಮಾಡಬೇಕಾಗಿದೆ, ಸರ್ ಹೇಗಿದ್ದಾರೆ ಎಂದು ವಿಚಾರಿಸಿದ್ದರು. ಚೆನ್ನಾಗಿದ್ದಾರೆ ಎಂದು ಹೇಳಿ ಫೋನ್ ಇಟ್ಟಿದ್ದೆ. ಕುರ್ಚಿಯ ಪಕ್ಕ ಕೂತಿದ್ದಾಗ ಅದೂ ನೆನಪಾಗಿ, ಇದು ಇಷ್ಟೇ, ಇನ್ನು ಬರುವುದಿಲ್ಲ ಎಂದು ನನಗೆ ನಾನೇ ಮೊದಲ ಸಲ ಹೇಳಿಕೊಂಡೆ. ಅತ್ತೆ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಆ ಕುರ್ಚಿಯ ಪ್ರಯೋಗವನ್ನು ಅವರು ಬೇಡ ಎಂದೂ ಅಂದಿರಲಿಲ್ಲ, ಮಾಡು ಎಂದೂ ಅಂದಿರಲಿಲ್ಲ.

ಮರುದಿನ ಸಂಜೆ ನಾನು ಕುರ್ಚಿ ಇಡಲಿಲ್ಲ. ಕೊಟ್ಟಿಗೆಯ ಕಡೆ ಏನೋ ಕೆಲಸದಲ್ಲಿದ್ದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕಾಲು ಉಜ್ಜುವ ಸದ್ದಾಯಿತು. ಬಂದು ನೋಡಿದರೆ ಅತ್ತೆಯೇ ಕುರ್ಚಿಯನ್ನು ಎಳೆದು ತಂದು ಅದೇ ಜಾಗದಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ಮೇಲೆ ಕೂತಿದ್ದರು. ಮಂಡಿನೋವಿನಿಂದ ಜಗಲಿಯ ಮೆಟ್ಟಿಲು ಇಳಿಯುವುದಕ್ಕೂ ನನ್ನನ್ನು ಕರೆಯುವವರು.

"ಅವನ ಕರಿ. ನಂಗೆ ಸುತ್ತ್ ಬರ್ಲಿ" ಎಂದರು.

ನನಗೆ ಅರ್ಥವಾಯಿತು. ಬದುಕಿರುವವರಿಗೆ ಯಾರೂ ಎಡಸುತ್ತು ಬರುವುದಿಲ್ಲ. ಮಗ ತಾಯಿಗಂತೂ, ಬದುಕಿರುವಾಗ, ಕನಸಿನಲ್ಲೂ ಬಾರದ ಮಾತು. "ಬ್ಯಾಡ ಅತ್ತೆ" ಎಂದೆ.

"ತುಳ್ಸಿಗೆ ಆಗ. ನಂಗೆ ಅಡ್ಡಿಲ್ಲೆ. ಆ ಕುರ್ಚಿ ಅವನನ್ನ ಕರಿತ್ತಾ? ನಾ ಕರಿತೆ" ಎಂದರು. ಬಟ್ಟಲಿನ ವಿಷಯದಲ್ಲಿ ನಾನು ಬಿಡದಿದ್ದ ಹಾಗೆ ಇದರಲ್ಲಿ ಅವರೂ ಬಿಡುವವರಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ನಾನು ಒಳಗಿನಿಂದ ನನ್ನವರನ್ನು ಕರೆದುಕೊಂಡು ಬಂದು, ತಾಯಿ ಎಡಕ್ಕೆ ಬರುವ ಹಾಗೆ ನಿಲ್ಲಿಸಿದೆ. ಅವರು ನಡೆಯತೊಡಗಿದರು. ಮುಂದಿನಿಂದ ಹಿಂದಕ್ಕೆ ಹೋಗುವಷ್ಟರಲ್ಲಿ ಹೆಜ್ಜೆ ಹೊರಗೆ ಸರಿಯತೊಡಗಿತು, ಎಂದಿನ ಹಾಗೆ. ಅತ್ತೆ ತಿರುಗಿ ನೋಡಲಿಲ್ಲ. ಮಗ ದೂರವಾಗುತ್ತಿರುವುದು ಹೆಜ್ಜೆಯ ಸದ್ದಿನಲ್ಲೇ ತಿಳಿದಿರಬೇಕು.

"ಮಗಾ" ಎಂದು ಕರೆದರು. ಮೆಲ್ಲಗೆ, ಊಟಕ್ಕೆ ಕರೆಯುವ ಹಾಗೆ.

ನನ್ನವರು ನಿಂತರು. ಮೊದಲು ಬಲಕ್ಕೆ ನೋಡಿದರು. ಅಲ್ಲಿ ಬೇಲಿ ಇತ್ತು. ಅತ್ತೆ ಮತ್ತೆ ಕರೆದರು. ಕರೆದವರು ಬಲದಲ್ಲಿಲ್ಲ ಎಂಬುದು ಅವರಿಗೆ ತಿಳಿಯಲು ಹೊತ್ತು ಹಿಡಿಯಿತು. ಆಮೇಲೆ ಕಣ್ಣು, ಕಣ್ಣಿನ ಹಿಂದೆ ಕತ್ತು, ಕತ್ತಿನ ಹಿಂದೆ ಹೆಗಲು ನಿಧಾನವಾಗಿ ಎಡಕ್ಕೆ ತಿರುಗಿದವು. ಯಾರೂ ಹಿಡಿದು ತಿರುಗಿಸಲಿಲ್ಲ.

"ಇಲ್ಲಿದ್ಯಾ ಅಮ್ಮ?"

"ಇಲ್ಲೇ ಇದ್ದೆ. ನಡಿ."

ಅವರು ಒಳಗೆ ಸರಿದು ಮತ್ತೆ ಸುತ್ತು ಹಿಡಿದರು. ಜಾರುವ ಮೊದಲೇ ಅತ್ತೆ ಕರೆಯುವರು, ಅವರು ತಿರುಗುವರು. ಆಮೇಲಾಮೇಲೆ ಕರೆಯುವುದು ಕಡಿಮೆಯಾಯಿತು. ನಾನು ಜಗಲಿಯ ಅಂಚಿನಲ್ಲಿ ನಿಂತಿದ್ದೆ. ಸುತ್ತು ಸಣ್ಣದಾಗಿ, ಹೆಚ್ಚುಕಡಿಮೆ ವೃತ್ತವಾಗುತ್ತಾ ಬಂತು.

ಅಷ್ಟರಲ್ಲಿ ಅವರು ತಾಯಿಯ ಎದುರಿಗೆ ಬಂದು ತಟಕ್ಕನೆ ನಿಂತರು. ತಾಯಿಯನ್ನು ನೋಡಿದರು, ತಾವು ಬಂದ ದಾರಿಯನ್ನು ನೋಡಿದರು, ಮತ್ತೆ ತಾಯಿಯನ್ನು ನೋಡಿದರು. ಮುಖದ ಬಣ್ಣ ಹೋಯಿತು.

"ಅಮ್ಮ, ಇದ್ ಎಡಸುತ್ತ್ ಅಲ್ದಾ? ನಿಂಗೆ ನಾ ಹೀಂಗೆ ಬಪ್ಪುಕಾಗ" ಎಂದರು.

ಸ್ಟ್ರೋಕ್ ಆದ ಮೇಲೆ ಎಡ ಎಂಬ ಮಾತು ಅವರಷ್ಟಕ್ಕೆ ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಕಂಬ ಹಿಡಿದುಕೊಂಡೆ. ಅತ್ತೆಯ ಕಣ್ಣು ತುಂಬಿತ್ತು, ಆದರೆ ಧ್ವನಿ ಎಂದಿನ ಹಾಗೇ ಇತ್ತು.

"ಒಂದಿನ ಬಪ್ಪುಕೇ ಇತ್ತಲ್ಲ ಮಗಾ. ಅವತ್ತ್ ನಂಗೆ ನಿನ್ನ ಕಾಂಬುಕ್ ಆತಿಲ್ಲೆ. ಇವತ್ತ್ ಕಾಂತ್. ಬಾ."

ಅವರು ಅಂಗೈಯಿಂದ ಮುಖ ಒರೆಸಿಕೊಂಡು ನಡೆದರು. ಕತ್ತು ಉದ್ದಕ್ಕೂ ಎಡಕ್ಕೇ ಇತ್ತು.